ವೆಬ್ ಡೆವಲಪರ್ ಸಮ್ಮೇಳನದ ಉಪನ್ಯಾಸಗಳಿಗೆ ಸಭಿಕರ ಅಭಿಪ್ರಾಯ ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಮ್ಮೇಳನ ಮುಗಿದು ಮೂರು ದಿನಗಳಾದ ಮೇಲೆ ಸಭಿಕರೆಲ್ಲರಿಗೂ ಇಪ್ಪತ್ತು ಪ್ರಶ್ನೆಗಳ ಫಾರ್ಮ್ ಇರುವ ಒಂದು ಇ-ಮೇಲ್ ಹೋಗುತ್ತದೆ. ಉತ್ತರಿಸುವವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿಯೂ ಹೆಚ್ಚಿನವರು ನೋಂದಣಿಯ ಸಾಲು, ಊಟ ಮತ್ತು ವೈಫೈ ಕುರಿತು ಬರೆದಿರುತ್ತಾರೆ. ಉಪನ್ಯಾಸಗಳ ವಿಷಯದಲ್ಲಿ ದೊರೆಯುವುದು ‘ಚೆನ್ನಾಗಿತ್ತು’, ‘ಇನ್ನೂ ಚೆನ್ನಾಗಿ ಮಾಡಬಹುದಿತ್ತು’ ಎಂಬ ಎರಡು ಬಗೆಯ ಮಾತು ಮಾತ್ರ. ಭಾಷಣಕಾರರು ಅದನ್ನು ಓದಿ ಏನನ್ನೂ ತಿದ್ದಿಕೊಳ್ಳಲಾರರು, ಆಯ್ಕೆ ಸಮಿತಿಯವರು ಅದನ್ನು ನೋಡಿ ಏನನ್ನೂ ತೀರ್ಮಾನಿಸಲಾರರು. ಮರುವರ್ಷ ಪ್ರಶ್ನೆಗಳ ಮಾತುಗಳನ್ನು ಬದಲಿಸಿ ಅದೇ ಇ-ಮೇಲ್ ಕಳುಹಿಸಿದರೆ ಅದೇ ಫಲ ಸಿಗುತ್ತದೆ. ಏಕೆಂದರೆ ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಉಪನ್ಯಾಸವೊಂದರ ಅಭಿಪ್ರಾಯವನ್ನು ಆ ಸಭಾಂಗಣದಲ್ಲಿಯೇ, ಸಭಿಕರು ಕುರ್ಚಿಯಿಂದ ಏಳುವ ಮುನ್ನ, ಅದು ಯಾವ ಉಪನ್ಯಾಸ ಎಂದು ಅವರಿಂದ ಕೇಳದೆಯೇ ಪಡೆಯಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ಕೆಲಸ ಸಾಧ್ಯವಾಗುವಂತೆ ಮಾಡಲು ಇರುವಂಥವು.

ಬೇಕಾಗುವ ಸಾಮಗ್ರಿ

ಒಂದೇ ಪುಟದ ಹಗುರವಾದ ವೆಬ್ ಫಾರ್ಮ್, ಉತ್ತರಗಳನ್ನು ಸಂಗ್ರಹಿಸಲು ಒಂದು ಡೇಟಾಬೇಸ್ ಕೋಷ್ಟಕ, ಪ್ರತಿ ಉಪನ್ಯಾಸಕ್ಕೆ ಒಂದು ಕ್ಯೂಆರ್ ಕೋಡ್, ಪ್ರತಿ ಸಭಾಂಗಣಕ್ಕೆ ಒಬ್ಬ ನಿರೂಪಕ ಮತ್ತು ಒಬ್ಬ ಸ್ವಯಂಸೇವಕ, ಬಾಗಿಲ ಬಳಿ ಇಡಲು ಕಾಗದದ ಚೀಟಿಗಳು ಹಾಗೂ ಒಂದು ಪೆಟ್ಟಿಗೆ, ತಲೆ ಎಣಿಸಿ ಬರೆದುಕೊಳ್ಳಲು ಒಂದು ಹಾಳೆ. ಸಿದ್ಧ ಫಾರ್ಮ್ ಸೇವೆಯೊಂದನ್ನು ಬಳಸಿದರೂ ತೊಂದರೆಯಿಲ್ಲ. ಆದರೆ ಉಪನ್ಯಾಸದ ಗುರುತನ್ನು ಯುಆರ್‌ಎಲ್‌ನಲ್ಲಿಯೇ ತುಂಬಿ ಕಳುಹಿಸುವ ಸೌಲಭ್ಯ ಅದರಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅದಿಲ್ಲದ ಸೇವೆ ಈ ಕೆಲಸಕ್ಕೆ ಒದಗುವುದಿಲ್ಲ.

ಹಂತ 1: ಉತ್ತರಗಳನ್ನು ಯಾರು ಓದುತ್ತಾರೆಂದು ಮೊದಲು ತೀರ್ಮಾನಿಸಿ

ಉಪನ್ಯಾಸದ ಅಭಿಪ್ರಾಯಕ್ಕೆ ಇಬ್ಬರು ಓದುಗರಿದ್ದಾರೆ. ಮೊದಲನೆಯವರು ಭಾಷಣಕಾರರು, ಅದೇ ಉಪನ್ಯಾಸವನ್ನು ಮತ್ತೊಮ್ಮೆ ಕೊಡುವಾಗ ಏನನ್ನು ಬದಲಿಸಬೇಕು ಎಂಬುದು ಅವರಿಗೆ ತಿಳಿಯಬೇಕು. ಎರಡನೆಯವರು ಆಯ್ಕೆ ಸಮಿತಿಯವರು, ಭಾಷಣಕಾರರು ಮೊದಲೇ ಕಳುಹಿಸಿದ ಸಾರಾಂಶವನ್ನು ಓದಿ ತಾವು ಊಹಿಸಿದ ಮಟ್ಟಕ್ಕೂ ವೇದಿಕೆಯ ಮೇಲೆ ನಡೆದದ್ದಕ್ಕೂ ಎಷ್ಟು ಅಂತರವಿತ್ತು ಎಂಬುದು ಅವರಿಗೆ ಬೇಕು. ಪ್ರಾಯೋಜಕರಿಗೆ ತೋರಿಸಲು ಬೇಕಾದ ಅಂಕಿಗಳು ಮೂರನೆಯ ಬಗೆಯವು, ಅವನ್ನು ಈ ಫಾರ್ಮಿಗೆ ತುರುಕಬೇಡಿ.

ಪ್ರತಿ ಪ್ರಶ್ನೆಯ ಎದುರು ‘ಇದರ ಉತ್ತರ ಬಂದ ಮೇಲೆ ಯಾರು ಏನು ಮಾಡುತ್ತಾರೆ’ ಎಂದು ಒಂದು ವಾಕ್ಯ ಬರೆಯಿರಿ. ವಾಕ್ಯ ಬರೆಯಲಾಗದ ಪ್ರಶ್ನೆಯನ್ನು ಅಲ್ಲಿಯೇ ಕೈಬಿಡಿ. ಸಮ್ಮೇಳನಕ್ಕೆ ಆರು ವಾರಗಳಿರುವಾಗ, ಭಾಷಣಕಾರರ ಪಟ್ಟಿ ಅಂತಿಮವಾದ ಕೂಡಲೇ, ಅವರೆಲ್ಲರಿಗೂ ಬರೆದು ‘ನಿಮ್ಮ ಉಪನ್ಯಾಸದ ಬಗ್ಗೆ ಸಭಿಕರಿಂದ ನೀವು ತಿಳಿಯಬಯಸುವ ಒಂದೇ ಒಂದು ಸಂಗತಿ ಯಾವುದು’ ಎಂದು ಕೇಳಿ. ‘ಲೈವ್ ಡೆಮೊ ವೇಗ ಹೆಚ್ಚಾಯಿತೇ’, ‘ಮೊದಲ ಹತ್ತು ನಿಮಿಷದ ಹಿನ್ನೆಲೆ ಬೇಕಿತ್ತೇ’ ಎಂಬಂತಹ ಪ್ರಶ್ನೆಗಳು ಬರುತ್ತವೆ. ಆಯೋಜಕರು ತಲೆಕೆರೆದು ಹೊಸೆಯುವ ಪ್ರಶ್ನೆಗಳಿಗಿಂತ ಇವು ಎಷ್ಟೋ ಮೇಲು.

ಹಂತ 2: ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿ

ಎದ್ದು ಹೋಗುವ ಆತುರದಲ್ಲಿರುವ ಸಭಿಕರಿಂದ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವನ್ನು ನಿರೀಕ್ಷಿಸುವಂತಿಲ್ಲ. ಒಂದು ನಿಮಿಷದಲ್ಲಿ ಎರಡು ಆಯ್ಕೆಯ ಪ್ರಶ್ನೆಗಳಿಗೂ ಒಂದು ಬರೆಯುವ ಪ್ರಶ್ನೆಗೂ ಉತ್ತರಿಸಬಹುದು. ನಾನು ಶಿಫಾರಸು ಮಾಡುವ ಮೂರು ಪ್ರಶ್ನೆಗಳು ಹೀಗಿವೆ.

ಮೊದಲನೆಯದು ಒಂದು ಹೇಳಿಕೆ: ‘ನನ್ನ ಕೆಲಸಕ್ಕೆ ಒದಗುವಂತಹ ವಿಷಯ ಈ ಉಪನ್ಯಾಸದಲ್ಲಿ ದೊರೆಯಿತು.’ ಇದಕ್ಕೆ ‘ಖಂಡಿತ ಇಲ್ಲ’ ಎಂಬಲ್ಲಿಂದ ‘ಖಂಡಿತ ಹೌದು’ ಎಂಬವರೆಗೆ ಐದು ಆಯ್ಕೆಗಳಿರಲಿ. ಐದು ನಕ್ಷತ್ರಗಳನ್ನು ಕೊಡಬೇಡಿ. ಮೂರು ನಕ್ಷತ್ರವೆಂದರೆ ಒಬ್ಬರಿಗೆ ‘ಪರವಾಗಿಲ್ಲ’, ಇನ್ನೊಬ್ಬರಿಗೆ ‘ಕಳಪೆ’. ಮಾತಿನಲ್ಲಿ ಬರೆದ ಆಯ್ಕೆಗೆ ಆ ಗೊಂದಲ ಕಡಿಮೆ.

ಎರಡನೆಯದು ಮಟ್ಟದ ಪ್ರಶ್ನೆ: ‘ನನಗೆ ಈ ಉಪನ್ಯಾಸ ತೀರ ಸುಲಭವಾಗಿತ್ತು, ಸರಿಯಾದ ಮಟ್ಟದಲ್ಲಿತ್ತು, ತೀರ ಕಷ್ಟವಾಗಿತ್ತು.’ ಇಲ್ಲಿ ನಡುವಿನ ಆಯ್ಕೆಯೇ ಅಪೇಕ್ಷಿತ ಉತ್ತರ. ಆದ್ದರಿಂದ ಇದರ ಸರಾಸರಿಯನ್ನು ಎಂದೂ ತೆಗೆಯಬಾರದು. ಅರ್ಧ ಸಭೆಗೆ ಸುಲಭವಾಗಿ ಉಳಿದರ್ಧ ಸಭೆಗೆ ಕಷ್ಟವಾದ ಉಪನ್ಯಾಸವು ಸರಾಸರಿಯಲ್ಲಿ ಎಲ್ಲರಿಗೂ ಸರಿಹೊಂದಿದಂತೆ ಕಾಣಿಸುತ್ತದೆ.

ಮೂರನೆಯದು ಬರೆಯುವ ಪ್ರಶ್ನೆ: ‘ಇದೇ ಉಪನ್ಯಾಸವನ್ನು ಮತ್ತೊಮ್ಮೆ ಕೊಡುವುದಾದರೆ ಬದಲಿಸಬೇಕಾದ ಒಂದು ಸಂಗತಿ ಯಾವುದು?’ ‘ಇತರ ಸಲಹೆಗಳು’ ಎಂಬ ಖಾಲಿ ಪೆಟ್ಟಿಗೆಗೆ ಖಾಲಿ ಉತ್ತರವೇ ಬರುತ್ತದೆ. ‘ಒಂದು ಸಂಗತಿ’ ಎಂದು ಗೆರೆ ಎಳೆದು ಕೇಳಿದಾಗ ಸಭಿಕರು ನಿಜಕ್ಕೂ ಒಂದನ್ನು ಹುಡುಕಿ ಬರೆಯುತ್ತಾರೆ. ಭಾಷಣಕಾರರು ಕೊಟ್ಟ ಸ್ವಂತ ಪ್ರಶ್ನೆಯಿದ್ದರೆ ಅದು ನಾಲ್ಕನೆಯದಾಗಿ ಬರಲಿ, ಅಲ್ಲಿಗೆ ನಿಲ್ಲಿಸಿ.

ಸಾಮಾನ್ಯ ತಪ್ಪುಗಳು ಎರಡು. ‘ವಿಷಯ ಮತ್ತು ನಿರೂಪಣೆ ಹೇಗಿತ್ತು’ ಎಂದು ಎರಡು ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿದರೆ, ವಿಷಯ ಚೆನ್ನಾಗಿದ್ದು ಧ್ವನಿ ಕೇಳಿಸದ ಉಪನ್ಯಾಸಕ್ಕೆ ಏನೆಂದು ಉತ್ತರಿಸುವುದು? ಇನ್ನೊಂದು, ‘ಇದನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ’ ಎಂಬ 0ರಿಂದ 10ರವರೆಗಿನ ಪ್ರಶ್ನೆಯಿಂದ ನೆಟ್ ಪ್ರಮೋಟರ್ ಸ್ಕೋರ್ ತೆಗೆಯುವುದು. ಈ ಲೆಕ್ಕದಲ್ಲಿ 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 6 ಹಾಗೂ ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. ಇಪ್ಪತ್ತು ಮಂದಿ ಉತ್ತರಿಸಿದ ಸಭೆಯಲ್ಲಿ ಒಬ್ಬರು 9ರ ಬದಲು 6 ಒತ್ತಿದರೆ ಅಂಕ ಒಮ್ಮೆಗೇ 10ರಷ್ಟು ಕುಸಿಯುತ್ತದೆ. ಒಬ್ಬರ ಹೆಬ್ಬೆರಳಿಗೆ ಅಷ್ಟು ಅಧಿಕಾರ ಕೊಡುವುದು ತರವಲ್ಲ.

ಹೆಸರು, ಇ-ಮೇಲ್, ಕಂಪನಿ, ಅನುಭವದ ವರ್ಷಗಳು ಇವನ್ನು ಕೇಳಬೇಡಿ. ಹೆಸರು ಕೇಳಿದ ಫಾರ್ಮಿನಲ್ಲಿ ಸೌಜನ್ಯ ಹೆಚ್ಚುತ್ತದೆ, ಮಾಹಿತಿ ಕಡಿಮೆಯಾಗುತ್ತದೆ.

ಹಂತ 3: ಪ್ರತಿ ಉಪನ್ಯಾಸಕ್ಕೂ ಬದಲಾಗದ ಗುರುತು ಕೊಡಿ

ಉತ್ತರವನ್ನು ಸಭಾಂಗಣ ಮತ್ತು ವೇಳೆಗೆ ಕಟ್ಟಿಹಾಕುವುದು ಅತ್ಯಂತ ಸಾಮಾನ್ಯವಾದ ತಾಂತ್ರಿಕ ತಪ್ಪು. ಸಮ್ಮೇಳನದ ದಿನ ವಿಮಾನ ತಡವಾಗುತ್ತದೆ, ಇಬ್ಬರು ಭಾಷಣಕಾರರು ವೇಳೆ ಅದಲುಬದಲು ಮಾಡಿಕೊಳ್ಳುತ್ತಾರೆ, ಬೆಳಗಿನ ಮೊದಲ ಗೋಷ್ಠಿ ಹದಿನೈದು ನಿಮಿಷ ಎಳೆಯುತ್ತದೆ. ಆಗ ‘ಸಭಾಂಗಣ 2, 11:30’ ಎಂಬ ಗುರುತಿನಡಿ ಬಂದ ಅರ್ಧ ಉತ್ತರಗಳು ಒಂದು ಉಪನ್ಯಾಸಕ್ಕೂ ಉಳಿದರ್ಧ ಮತ್ತೊಂದಕ್ಕೂ ಸೇರಿರುತ್ತವೆ, ಅವನ್ನು ಆಮೇಲೆ ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

ಆದ್ದರಿಂದ ಉಪನ್ಯಾಸ ಆಯ್ಕೆಯಾದ ದಿನವೇ ಅದಕ್ಕೆ ಎರಡು-ಮೂರು ಅಕ್ಷರಗಳ ಚಿಕ್ಕ ಗುರುತು ಕೊಟ್ಟು, ಕಾರ್ಯಕ್ರಮ ಪಟ್ಟಿ ಎಷ್ಟು ಸಲ ಬದಲಾದರೂ ಆ ಗುರುತನ್ನು ಮುಟ್ಟಬೇಡಿ. ಯುಆರ್‌ಎಲ್‌ನ ಕೊನೆಯಲ್ಲಿ ಇರಬೇಕಾದದ್ದು ಅದೊಂದೇ. ಪುಟ ತೆರೆದಾಗ ಉಪನ್ಯಾಸದ ಶೀರ್ಷಿಕೆಯೂ ಭಾಷಣಕಾರರ ಹೆಸರೂ ಮೇಲ್ಭಾಗದಲ್ಲಿ ದೊಡ್ಡದಾಗಿ ಕಾಣಿಸಬೇಕು. ಬಾಗಿಲ ಬಳಿ ಸಭಾಂಗಣಕ್ಕೊಂದರಂತೆ ಶಾಶ್ವತ ಕೋಡ್ ಅಂಟಿಸುವುದಾದರೆ, ಅದು ತೆರೆಯುವ ಪುಟದಲ್ಲಿ ಈಗಿನ ಮತ್ತು ಹಿಂದಿನ ಎರಡೂ ಉಪನ್ಯಾಸಗಳ ಶೀರ್ಷಿಕೆಗಳಿದ್ದು ಸಭಿಕರೇ ಒಂದನ್ನು ಆರಿಸಲಿ.

ಹಂತ 4: ಪುಟವನ್ನು ಕಟ್ಟುವುದು

ವೆಬ್ ಡೆವಲಪರ್‌ಗಳ ಸಮ್ಮೇಳನದಲ್ಲಿ ಫಾರ್ಮಿನ ಪುಟವೇ ಕೈಕೊಟ್ಟರೆ ಆಗುವ ಮುಖಭಂಗ ಬೇರೆ. ಅದನ್ನು ತಪ್ಪಿಸಲು ಫ್ರೇಮ್‌ವರ್ಕ್ ಬೇಡ, ಹೊರಗಿನ ಫಾಂಟ್ ಬೇಡ, ವಿಶ್ಲೇಷಣೆಯ ಸ್ಕ್ರಿಪ್ಟ್ ಬೇಡ. ಸಿಎಸ್‌ಎಸ್ ಪುಟದೊಳಗೇ ಇರುವ ಒಂದೇ ಎಚ್‌ಟಿಎಂಎಲ್ ಕಡತ ಸಾಕು. ಆಯ್ಕೆಗಳಿಗೆ ಬ್ರೌಸರ್‌ನ ಸ್ವಂತ ರೇಡಿಯೊ ಬಟನ್‌ಗಳನ್ನೇ ಬಳಸಿ, ಪ್ರತಿ ಗುಂಪನ್ನೂ ಫೀಲ್ಡ್‌ಸೆಟ್ ಮತ್ತು ಲೆಜೆಂಡ್ ಎಂಬ ಎಚ್‌ಟಿಎಂಎಲ್ ಟ್ಯಾಗ್‌ಗಳ ಒಳಗಿಡಿ, ಪ್ರತಿ ಬಟನ್‌ಗೂ ಲೇಬಲ್ ಕೊಡಿ. ಆಗ ಸ್ಕ್ರೀನ್ ರೀಡರ್ ಬಳಸುವ ಸಭಿಕರಿಗೂ ಪ್ರಶ್ನೆ ಮತ್ತು ಉತ್ತರದ ಸಂಬಂಧ ತಿಳಿಯುತ್ತದೆ. ಒತ್ತುವ ಜಾಗಕ್ಕೆ ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2.2ರ ಎಎ ಮಟ್ಟವು ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ ಕೇಳುತ್ತದೆ. ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತುವವರಿಗೆ 44 ಪಿಕ್ಸೆಲ್ ಆದರೂ ಇರಲಿ. ಬರೆಯುವ ಪೆಟ್ಟಿಗೆಯ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಐಫೋನಿನ ಸಫಾರಿಯು ಪುಟವನ್ನು ತಾನಾಗಿಯೇ ಹಿಗ್ಗಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಸಭಾಂಗಣದ ಜಾಲಸಂಪರ್ಕವನ್ನು ನಂಬಬೇಡಿ. ಇನ್ನೂರು ಫೋನ್‌ಗಳು ಒಂದೇ ನಿಮಿಷದಲ್ಲಿ ಒಂದೇ ಪುಟವನ್ನು ತೆರೆಯುತ್ತವೆ. ‘ಕಳುಹಿಸು’ ಒತ್ತಿದ ಕೂಡಲೇ ಉತ್ತರವನ್ನು ಮೊದಲು ಬ್ರೌಸರ್‌ನ ಸ್ವಂತ ಸಂಗ್ರಹವಾದ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟು, ಆಮೇಲೆ ಸರ್ವರ್‌ಗೆ ಕಳುಹಿಸಿ, ಸರ್ವರ್‌ನಿಂದ ಒಪ್ಪಿಗೆ ಬಂದ ನಂತರವೇ ಅಲ್ಲಿಂದ ಅಳಿಸಿ. ಒಪ್ಪಿಗೆ ಬಾರದಿದ್ದರೆ ಕೆಲವು ಸೆಕೆಂಡುಗಳ ನಂತರ ಮರುಪ್ರಯತ್ನವಾಗಲಿ, ಅದೂ ವಿಫಲವಾದರೆ ಮುಂದಿನ ಉಪನ್ಯಾಸದ ಪುಟ ತೆರೆದಾಗ ಹಳೆಯದೂ ಜೊತೆಗೆ ಹೋಗಲಿ. ಬ್ಯಾಕ್‌ಗ್ರೌಂಡ್ ಸಿಂಕ್ (ಸಂಪರ್ಕ ಮರಳಿದಾಗ ಹಿನ್ನೆಲೆಯಲ್ಲಿ ಕಳುಹಿಸುವ ವ್ಯವಸ್ಥೆ) ಇದನ್ನು ತಾನಾಗಿ ಮಾಡುತ್ತದೆಂದು ನೆಚ್ಚಿಕೊಳ್ಳಬೇಡಿ, ಅದು ಕ್ರೋಮಿಯಂ ಮೂಲದ ಬ್ರೌಸರ್‌ಗಳ ಸೌಲಭ್ಯ. ನ್ಯಾವಿಗೇಟರ್‌ನ ಆನ್‌ಲೈನ್ ಸೂಚಕವನ್ನೂ ನಂಬಬೇಡಿ. ಫೋನ್ ವೈಫೈಗೆ ಸೇರಿಕೊಂಡು ಲಾಗಿನ್ ಪುಟದ ಮುಂದೆ ನಿಂತಿದ್ದರೂ ಅದು ‘ಆನ್‌ಲೈನ್’ ಎಂದೇ ಹೇಳುತ್ತದೆ.

ಮರುಪ್ರಯತ್ನ ಇದ್ದ ಕಡೆ ನಕಲು ಉತ್ತರಗಳೂ ಇರುತ್ತವೆ. ಪುಟ ತೆರೆದಾಗಲೇ ಒಂದು ಯಾದೃಚ್ಛಿಕ ಯುಯುಐಡಿ (ಮತ್ತೊಂದರಂತಿರದ ಉದ್ದನೆಯ ಗುರುತು) ಸೃಷ್ಟಿಸಿ ಉತ್ತರದ ಜೊತೆ ಕಳುಹಿಸಿ, ಡೇಟಾಬೇಸ್‌ನಲ್ಲಿ ಆ ಕಾಲಮ್‌ಗೆ ಒಂದೇ ಮೌಲ್ಯ ಎರಡು ಸಲ ಸೇರದಂತೆ ತಡೆಯುವ ಯುನೀಕ್ ನಿರ್ಬಂಧ ಹಾಕಿ. ಒಂದೇ ಗುರುತು ಎರಡನೆಯ ಸಲ ಬಂದರೆ ಸರ್ವರ್ ದೋಷವೆಂದು ಹೇಳದೆ ‘ಸಿಕ್ಕಿತು’ ಎಂದೇ ಉತ್ತರಿಸಲಿ. ಇಲ್ಲದಿದ್ದರೆ ಫೋನ್ ಅದೇ ಉತ್ತರವನ್ನು ಕಳುಹಿಸುತ್ತಲೇ ಇರುತ್ತದೆ.

ಇನ್ನೊಂದು ಎಡವಟ್ಟನ್ನು ನಾನೇ ಮಾಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಒಂದು ಸಮ್ಮೇಳನದ ಮೊದಲ ಉಪನ್ಯಾಸ ಮುಗಿಯಿತು, ಸಭೆ ತುಂಬಿತ್ತು, ಎಲ್ಲರೂ ಫೋನ್ ಎತ್ತಿದ್ದು ಕಣ್ಣಿಗೇ ಕಾಣುತ್ತಿತ್ತು. ಉತ್ತರಗಳ ಎಣಿಕೆ ಸರಸರನೆ ಮೂವತ್ತಕ್ಕೆ ಏರಿ ಅಲ್ಲಿಯೇ ನಿಂತುಬಿಟ್ಟಿತು. ಸರ್ವರ್ ಆರೋಗ್ಯವಾಗಿತ್ತು, ಡೇಟಾಬೇಸ್ ಖಾಲಿ ಕೂತಿತ್ತು. ಲಾಗ್ ತೆರೆದು ನೋಡಿದರೆ ಸಾಲುಸಾಲಾಗಿ 429, ಅಂದರೆ ‘ಕೋರಿಕೆಗಳು ಮಿತಿಮೀರಿವೆ’ ಎಂಬ ದೋಷ ಸಂಖ್ಯೆ. ಒಂದು ಐಪಿ ವಿಳಾಸದಿಂದ ನಿಮಿಷಕ್ಕೆ ಮೂವತ್ತು ಕೋರಿಕೆಗಳೆಂದು ನಾನೇ ಮಿತಿ ಹಾಕಿದ್ದೆ. ಆದರೆ ಸಭಾಂಗಣದ ವೈಫೈಗೆ ಸೇರಿದ ಫೋನ್‌ಗಳೆಲ್ಲ ನ್ಯಾಟ್ ಎಂಬ ವಿಳಾಸ ಬದಲಾವಣೆಯ ಮೂಲಕ ಒಂದೇ ಸಾರ್ವಜನಿಕ ವಿಳಾಸದಿಂದ ಹೊರಬರುತ್ತವೆ. ಸರ್ವರ್‌ನ ದೃಷ್ಟಿಯಲ್ಲಿ ಇಡೀ ಸಭೆ ಒಬ್ಬನೇ ಹಠಮಾರಿ ಬಳಕೆದಾರ. ಮಿತಿ ಹಾಕಲೇಬೇಕೆಂದಿದ್ದರೆ ಯುಯುಐಡಿಗೆ ಹಾಕಿ, ಐಪಿಗೆ ಬೇಡ. ಮುಂಭಾಗದಲ್ಲಿ ಸಿಡಿಎನ್ (ಪುಟವನ್ನು ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಒದಗಿಸುವ ಜಾಲ) ಅಥವಾ ಫೈರ್‌ವಾಲ್ ಸೇವೆಯಿದ್ದರೆ ಅದರ ಸ್ವಯಂಚಾಲಿತ ಮಿತಿಯನ್ನೂ ಪರೀಕ್ಷಿಸಿ. ಐಪಿಯನ್ನು ಉತ್ತರದ ಜೊತೆ ಉಳಿಸಿಟ್ಟುಕೊಳ್ಳುವುದಂತೂ ಕೂಡದು. 2018ರ ಮೇ 25ರಿಂದ ಅನ್ವಯವಾಗುತ್ತಿರುವ ಯುರೋಪಿನ ದತ್ತಾಂಶ ರಕ್ಷಣೆಯ ಜಿಡಿಪಿಆರ್ ನಿಯಮವು ಐಪಿ ವಿಳಾಸವನ್ನೂ ವೈಯಕ್ತಿಕ ದತ್ತಾಂಶದ ವ್ಯಾಪ್ತಿಗೆ ತರುತ್ತದೆ.

ಹಂತ 5: ಕ್ಯೂಆರ್ ಕೋಡ್ ಸಿದ್ಧಪಡಿಸುವುದು

ಕೋಡ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ: ಓದುವ ದೂರದ ಹತ್ತನೆಯ ಒಂದು ಭಾಗ. ಕೊನೆಯ ಸಾಲು ಪರದೆಯಿಂದ 15 ಮೀಟರ್ ದೂರವಿದ್ದರೆ ಕೋಡಿನ ಅಗಲ ಒಂದೂವರೆ ಮೀಟರ್ ಇರಬೇಕು. 4 ಮೀಟರ್ ಅಗಲದ 16:9 ಪರದೆಯ ಎತ್ತರ 2.25 ಮೀಟರ್, ಅಂದರೆ ಕೋಡ್ ಆ ಎತ್ತರದ ಮೂರನೆಯ ಎರಡು ಭಾಗವನ್ನು ತುಂಬಬೇಕು. ಧನ್ಯವಾದದ ಸ್ಲೈಡಿನ ಮೂಲೆಯಲ್ಲಿ ಅಂಚೆಚೀಟಿಯಂತೆ ಅಂಟಿಸಿದ ಕೋಡ್ ಮೊದಲ ಮೂರು ಸಾಲಿಗೆ ಮಾತ್ರ ದಕ್ಕುತ್ತದೆ.

ಯುಆರ್‌ಎಲ್ ಚಿಕ್ಕದಾದಷ್ಟೂ ಕೋಡಿನ ಚೌಕಗಳು ದೊಡ್ಡದಾಗುತ್ತವೆ. ಮೊದಲ ಆವೃತ್ತಿಯ ಕೋಡಿನಲ್ಲಿ ಬದಿಗೆ 21 ಚೌಕಗಳಿದ್ದು, ಪ್ರತಿ ಆವೃತ್ತಿಗೂ ಬದಿಗೆ ನಾಲ್ಕರಂತೆ ಹೆಚ್ಚುತ್ತದೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಹಾಗೂ ಕೆಲವೇ ಚಿಹ್ನೆಗಳಿರುವ ಪಠ್ಯವನ್ನು ಕ್ಯೂಆರ್ ಇನ್ನೂ ಅಡಕವಾಗಿ ತುಂಬಿಕೊಳ್ಳುತ್ತದೆ. ಆದ್ದರಿಂದ ಇಡೀ ವಿಳಾಸವನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಲಾಭವಿದೆ. ಡೊಮೇನ್ ಹೆಸರಿಗೆ ಅದರಿಂದ ತೊಂದರೆಯಿಲ್ಲ, ಆದರೆ ಅದರ ಮುಂದಿನ ಭಾಗವನ್ನು ದೊಡ್ಡಕ್ಷರದಲ್ಲಿಯೂ ಗುರುತಿಸುವಂತೆ ಸರ್ವರ್‌ಗೆ ಹೇಳಬೇಕು. ದೋಷ ಸರಿಪಡಿಸುವ ಮಟ್ಟ ಎಂ, ಅಂದರೆ ಕೋಡಿನ ಸುಮಾರು 15 ಶೇಕಡಾ ಹಾಳಾದರೂ ಓದಬರುವಂಥದ್ದು, ಪರದೆಗೆ ಸಾಕು. ನಡುವೆ ಲಾಂಛನ ಕೂರಿಸುವ ಚಪಲವನ್ನು ತಡೆದುಕೊಳ್ಳಿ.

ಡೆವಲಪರ್‌ಗಳ ಸ್ಲೈಡ್‌ಗಳು ಬಹುಪಾಲು ಕಪ್ಪು ಹಿನ್ನೆಲೆಯವು. ಕಪ್ಪಿನ ಮೇಲೆ ಬಿಳಿ ಚೌಕಗಳ ತಿರುವು-ಮುರುವಾದ ಕೋಡನ್ನು ಎಲ್ಲ ಕ್ಯಾಮೆರಾಗಳೂ ಓದುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಕೋಡ್, ಸುತ್ತಲೂ ನಾಲ್ಕು ಚೌಕಗಳಷ್ಟು ಖಾಲಿ ಅಂಚು, ಕೆಳಗೆ ಕೈಯಿಂದ ಟೈಪ್ ಮಾಡಬಹುದಾದ ಚಿಕ್ಕ ವಿಳಾಸ, ಇಷ್ಟೇ ಇರುವ ಒಂದು ಸ್ಲೈಡನ್ನು ನೀವೇ ಚಿತ್ರವಾಗಿ ಮಾಡಿ ಭಾಷಣಕಾರರಿಗೆ ಒಂದು ವಾರ ಮೊದಲು ಕಳುಹಿಸಿ. ಅವರು ಅದನ್ನು ಸೇರಿಸಲು ಮರೆಯುತ್ತಾರೆ. ಹಾಗಾಗಿ ಅದೇ ಚಿತ್ರ ನಿರೂಪಕರ ಲ್ಯಾಪ್‌ಟಾಪಿನಲ್ಲಿಯೂ ಇರಲಿ.

ಹಂತ 6: ಹಿಂದಿನ ದಿನ ಸಭಾಂಗಣದಲ್ಲಿಯೇ ಪರೀಕ್ಷಿಸಿ

ಕಚೇರಿಯಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ನಿಜವಾದ ಪರದೆಯ ಮೇಲೆ ಕೋಡ್ ತೋರಿಸಿ, ಸಭೆಯ ದೀಪಗಳನ್ನು ನಾಳೆ ಇರುವಂತೆಯೇ ಹೊತ್ತಿಸಿ, ಕೊನೆಯ ಸಾಲಿನ ಎರಡೂ ಮೂಲೆಗಳಿಂದ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಮತ್ತು ಒಂದು ಐಫೋನ್‌ನಲ್ಲಿ ಓದಿ ನೋಡಿ. ಮೊದಲು ವೈಫೈನಲ್ಲಿ, ಆಮೇಲೆ ಮೊಬೈಲ್ ಡೇಟಾದಲ್ಲಿ, ಕೊನೆಗೆ ಪುಟ ತೆರೆದ ನಂತರ ಏರೋಪ್ಲೇನ್ ಮೋಡ್ ಹಾಕಿ ಉತ್ತರ ಕಳುಹಿಸಿ. ಏರೋಪ್ಲೇನ್ ಮೋಡ್ ತೆಗೆದ ಮೇಲೆ ಆ ಉತ್ತರ ಸರ್ವರ್ ತಲುಪಿದರೆ ಹಂತ 4 ಸರಿಯಾಗಿದೆ ಎಂದು ತಿಳಿಯಬಹುದು. ಪರೀಕ್ಷೆಯ ಉತ್ತರಗಳನ್ನು ಅಂದೇ ಅಳಿಸಿ.

ಹಂತ 7: ಕೇಳುವ ಕ್ಷಣ

ಹೆಚ್ಚಿನ ಆಯೋಜಕರು ಸೋಲುವುದು ಇಲ್ಲಿ. ಪ್ರಶ್ನೋತ್ತರ ಮುಗಿದು ಚಪ್ಪಾಳೆ ಬಿದ್ದ ಮೇಲೆ ನಿರೂಪಕರು ಮೈಕ್ ಹಿಡಿದು ‘ದಯವಿಟ್ಟು ಅಭಿಪ್ರಾಯ ಕೊಡಿ’ ಎನ್ನುವ ಹೊತ್ತಿಗೆ ಅರ್ಧ ಸಭೆ ಬಾಗಿಲಲ್ಲಿರುತ್ತದೆ. ಚಪ್ಪಾಳೆಯೇ ಮುಕ್ತಾಯದ ಗಂಟೆ, ಅದು ಬಾರಿಸಿದ ನಂತರ ಯಾವ ಮನವಿಯೂ ನಡೆಯದು.

ಪ್ರಶ್ನೋತ್ತರ ಆರಂಭವಾಗುತ್ತಿದ್ದಂತೆ ಪರದೆಗೆ ಬೇರೆ ಕೆಲಸವಿರುವುದಿಲ್ಲ. ಆಗಲೇ ಕೋಡಿನ ಸ್ಲೈಡ್ ಹಾಕಿ, ಅದು ಕೊನೆಯವರೆಗೂ ಅಲ್ಲಿಯೇ ಇರಲಿ. ಕೊನೆಯ ಪ್ರಶ್ನೆಯೊಂದನ್ನು ಕೈಯಲ್ಲಿ ಉಳಿಸಿಕೊಂಡು ನಿರೂಪಕರು ಹೀಗೆ ಹೇಳಲಿ: ‘ಇನ್ನೊಂದು ಪ್ರಶ್ನೆಗೆ ಸಮಯವಿದೆ. ಅದಕ್ಕೆ ಮುನ್ನ ಎಲ್ಲರೂ ಫೋನ್ ತೆಗೆದು ಈ ಕೋಡ್ ಓದಿ, ಮೂರು ಪ್ರಶ್ನೆಗಳಿವೆ, ಒಂದು ನಿಮಿಷ ಸುಮ್ಮನಿರೋಣ.’ ಆಮೇಲೆ ನಿಜವಾಗಿಯೂ ಸುಮ್ಮನಿರಬೇಕು. ಆ ಒಂದು ನಿಮಿಷ ವೇದಿಕೆಯ ಮೇಲಿರುವವರಿಗೆ ಒಂದು ಗಂಟೆಯಂತೆ ತೋರುತ್ತದೆ. ಮೈಕ್ ಹಿಡಿದವರಿಗೆ ಮೌನ ಸಹಿಸುವುದು ಕಷ್ಟ, ಏನಾದರೂ ತಮಾಷೆ ಮಾಡತೊಡಗುತ್ತಾರೆ. ನಿರೂಪಕರಿಗೆ ಇದನ್ನು ಮೊದಲೇ ಹೇಳಿ, ಕೈಗೊಂದು ಗಡಿಯಾರ ಕೊಡಿ. ಭಾಷಣಕಾರರು ಆ ವೇಳೆಯಲ್ಲಿ ನೀರು ಕುಡಿಯುತ್ತ ಪಕ್ಕಕ್ಕೆ ನಿಲ್ಲಲಿ, ಸಭಿಕರ ಮುಖ ನೋಡುತ್ತ ನಿಲ್ಲುವುದು ಬೇಡ. ಕಾರ್ಯಕ್ರಮ ಪಟ್ಟಿಯಲ್ಲಿ ಈ ನಿಮಿಷಕ್ಕೆ ಜಾಗ ಮಾಡಲು ಉಪನ್ಯಾಸದ ಅವಧಿಯನ್ನೇ ಎರಡು ನಿಮಿಷ ಕಡಿತಗೊಳಿಸಿ.

ಇದರ ಜೊತೆಗೆ ಸ್ವಯಂಸೇವಕರು ತಲೆ ಎಣಿಸಬೇಕು: ಉಪನ್ಯಾಸ ಆರಂಭವಾಗಿ ಹತ್ತು ನಿಮಿಷವಾದಾಗ ಒಮ್ಮೆ, ಮುಗಿಯುವ ಐದು ನಿಮಿಷ ಮೊದಲು ಇನ್ನೊಮ್ಮೆ. ಅರ್ಧದಲ್ಲಿ ಎದ್ದು ಹೋದವರು ಫಾರ್ಮ್ ತುಂಬುವುದಿಲ್ಲ. ಅವರ ಅಭಿಪ್ರಾಯ ದಾಖಲಾಗುವುದು ಈ ಎರಡು ಎಣಿಕೆಗಳ ವ್ಯತ್ಯಾಸದಲ್ಲಿ ಮಾತ್ರ.

ದಿನವಿಡೀ ಒಬ್ಬರು ಉತ್ತರಗಳ ಎಣಿಕೆಯ ಮೇಲೆ ಕಣ್ಣಿಟ್ಟಿರಲಿ. ಮೌನದ ನಿಮಿಷ ಮುಗಿದರೂ ಎಣಿಕೆ ಸೊನ್ನೆಯಲ್ಲಿದ್ದರೆ ಕೋಡ್ ತಪ್ಪಾಗಿದೆ. ಏರುತ್ತಿದ್ದುದು ದುಂಡನೆಯ ಸಂಖ್ಯೆಯೊಂದರ ಬಳಿ ಥಟ್ಟನೆ ನಿಂತರೆ ಎಲ್ಲೋ ಮಿತಿ ಹತ್ತಿದೆ. ಇನ್ನೂ ಆರಂಭವಾಗದ ಉಪನ್ಯಾಸಕ್ಕೆ ಉತ್ತರಗಳು ಬರುತ್ತಿದ್ದರೆ ಎರಡು ಸ್ಲೈಡ್‌ಗಳು ಅದಲುಬದಲಾಗಿವೆ, ಕೂಡಲೇ ಗಡಿಯಾರ ನೋಡಿ ವೇಳೆ ಬರೆದಿಟ್ಟುಕೊಳ್ಳಿ, ಆಮೇಲೆ ಉತ್ತರಗಳನ್ನು ಸರಿಯಾದ ಕಡೆಗೆ ಸಾಗಿಸಲು ಅದೊಂದೇ ಆಧಾರ.

ಹಂತ 8: ಕಾಗದದ ಚೀಟಿ

ಫೋನ್ ಎತ್ತದವರಿಗಾಗಿ ಬಾಗಿಲ ಬಳಿ ಮೂರು ಬಣ್ಣದ ಚೀಟಿಗಳನ್ನೂ ಒಂದು ಪೆಟ್ಟಿಗೆಯನ್ನೂ ಇಡಿ. ಕೆಂಪು-ಹಸಿರಿನ ಭೇದ ಕಾಣದವರಿಗಾಗಿ ಚೀಟಿಯ ಮೇಲೆ ‘ಒದಗಿತು’, ‘ಪರವಾಗಿಲ್ಲ’, ‘ಒದಗಲಿಲ್ಲ’ ಎಂದು ಮುದ್ರಿಸಿ. ಪ್ರತಿ ಉಪನ್ಯಾಸದ ನಂತರ ಪೆಟ್ಟಿಗೆಯನ್ನು ಖಾಲಿ ಮಾಡಿ, ಲಕೋಟೆಗೆ ಹಾಕಿ, ಉಪನ್ಯಾಸದ ಗುರುತು ಬರೆಯಿರಿ. ಸಂಜೆ ಎಣಿಸೋಣವೆಂದು ಬಿಟ್ಟರೆ ಎಲ್ಲ ಬೆರೆತು ಹೋಗುತ್ತದೆ. ಐದು ಆಯ್ಕೆಗಳ ಫಾರ್ಮಿನ ಅಂಕಿಗಳೊಂದಿಗೆ ಈ ಎಣಿಕೆಯನ್ನು ಕೂಡಿಸಬೇಡಿ, ಬೇರೆಯಾಗಿಯೇ ಇಡಿ.

ಹಂತ 9: ಉತ್ತರಗಳನ್ನು ಹೊರತೆಗೆದು ಶುದ್ಧಗೊಳಿಸುವುದು

ಸಿಎಸ್‌ವಿ ಕಡತವನ್ನು ಯುಟಿಎಫ್-8ರಲ್ಲಿ ಬರೆದಿದ್ದರೂ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡದಂತಹ ಲಿಪಿಗಳು ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣಿಸಬಹುದು. ಕಡತದ ಆರಂಭದಲ್ಲಿ ಬಿಒಎಂ (ಕಡತ ಯುಟಿಎಫ್-8ರಲ್ಲಿದೆ ಎಂದು ತಿಳಿಸುವ ಗುರುತು) ಸೇರಿಸಿದರೆ ಇದು ಸರಿಹೋಗುತ್ತದೆ. ಸಮ, ಅಧಿಕ, ಋಣ ಅಥವಾ ಆಟ್ ಚಿಹ್ನೆಯಿಂದ ಆರಂಭವಾಗುವ ಉತ್ತರವನ್ನು ಸ್ಪ್ರೆಡ್‌ಶೀಟ್ ಸೂತ್ರವೆಂದು ತಿಳಿದು ಚಲಾಯಿಸಬಹುದು. ಡೆವಲಪರ್‌ಗಳ ಸಭೆಯಲ್ಲಿ ಇದನ್ನು ಬೇಕೆಂದೇ ಪ್ರಯೋಗಿಸುವ ಪುಣ್ಯಾತ್ಮರು ಇದ್ದೇ ಇರುತ್ತಾರೆ. ಅಂತಹ ಉತ್ತರಗಳ ಮುಂದೆ ಒಂಟಿ ಉದ್ಧರಣ ಚಿಹ್ನೆ ಸೇರಿಸಿ ಹೊರತೆಗೆಯಿರಿ. ವೇಳೆಯನ್ನು ಜಾಗತಿಕ ಸಮಯವಾದ ಯುಟಿಸಿಯಲ್ಲಿ ಉಳಿಸಿ, ತೋರಿಸುವಾಗ ಮಾತ್ರ ಸ್ಥಳೀಯ ವೇಳೆಗೆ ತಿರುಗಿಸಿ.

ಬಳಿಕ ಇಬ್ಬರು ಕುಳಿತು ಬರೆದ ಉತ್ತರಗಳನ್ನೆಲ್ಲ ಓದಿ ನಾಲ್ಕು ರಾಶಿಗಳಾಗಿ ಬೇರ್ಪಡಿಸಿ: ವಿಷಯ, ನಿರೂಪಣೆ, ಸಾರಾಂಶಕ್ಕೂ ಉಪನ್ಯಾಸಕ್ಕೂ ಇದ್ದ ಅಂತರ, ಸಭಾಂಗಣ. ಮೈಕ್ ಗೊರಗುಟ್ಟಿದ್ದು, ಪ್ರೊಜೆಕ್ಟರ್ ಮಂಕಾಗಿದ್ದು, ಕೋಣೆ ಸೆಕೆಯಿದ್ದದ್ದು ಆಯೋಜಕರ ಪಾಲಿನ ತಪ್ಪುಗಳು. ಅವು ಭಾಷಣಕಾರರ ವರದಿಗೆ ಹೋಗಬಾರದು. ಉಡುಪು, ರೂಪ, ಉಚ್ಚಾರಣೆಯ ಮೂಲ ಇವುಗಳ ಮೇಲಿನ ಮಾತುಗಳನ್ನು ತೆಗೆದುಹಾಕಿ. ‘ಬಹಳ ವೇಗವಾಗಿ ಮಾತಾಡಿದರು’ ಎಂಬುದು ತಿದ್ದಿಕೊಳ್ಳಬಹುದಾದ ಸಂಗತಿ, ಅದು ಉಳಿಯಲಿ. ‘ಇವರ ಉಚ್ಚಾರಣೆ ಸಹಿಸಲಾಗಲಿಲ್ಲ’ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಬೆದರಿಕೆ ಅಥವಾ ಕಿರುಕುಳದ ಮಾತು ಕಂಡರೆ ಅಳಿಸಿ ಸುಮ್ಮನಾಗದೆ ನೀತಿಸಂಹಿತೆಯ ಹೊಣೆ ಹೊತ್ತವರಿಗೆ ಒಪ್ಪಿಸಿ.

ಹಂತ 10: ಅಂಕಿಗಳನ್ನು ಓದುವುದು

ಸರಾಸರಿಯಿಂದ ಆರಂಭಿಸಬೇಡಿ. ಮೊದಲ ಪ್ರಶ್ನೆಯ ‘ಖಂಡಿತ ಇಲ್ಲ’ಕ್ಕೆ 1, ‘ಖಂಡಿತ ಹೌದು’ಗೆ 5 ಎಂದು ಅಂಕ ಕೊಟ್ಟುಕೊಳ್ಳೋಣ. ಇಪ್ಪತ್ತು ಮಂದಿಯಲ್ಲಿ ಹತ್ತು ಮಂದಿ 4, ಹತ್ತು ಮಂದಿ 3 ಕೊಟ್ಟ ಉಪನ್ಯಾಸದ ಸರಾಸರಿ 3.5. ಹತ್ತು ಮಂದಿ 5, ಹತ್ತು ಮಂದಿ 2 ಕೊಟ್ಟದ್ದರ ಸರಾಸರಿಯೂ 3.5, ಎರಡರ ಮಧ್ಯಾಂಕವೂ ಅದೇ. ಮೊದಲನೆಯದು ಯಾರಿಗೂ ಬೇಸರ ತರಿಸದ ಸಾಧಾರಣ ಉಪನ್ಯಾಸ, ಎರಡನೆಯದು ಅರ್ಧ ಸಭೆಗೆ ಹಬ್ಬವಾಗಿ ಉಳಿದರ್ಧಕ್ಕೆ ಹೊರೆಯಾದದ್ದು. ಐದು ಆಯ್ಕೆಗಳಿಗೂ ಎಷ್ಟೆಷ್ಟು ಮಂದಿ ಎಂಬ ಕಂಬಚಿತ್ರವನ್ನು ಮೊದಲು ನೋಡಿ.

ಆಮೇಲೆ ಮಟ್ಟದ ಪ್ರಶ್ನೆಯನ್ನು ಇದರ ಪಕ್ಕದಲ್ಲಿಡಿ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಸರ್ವಿಸ್ ವರ್ಕರ್ ಕ್ಯಾಶಿಂಗ್ ಕುರಿತ ಉಪನ್ಯಾಸಕ್ಕೆ 180 ಮಂದಿ ಕುಳಿತಿದ್ದು 54 ಮಂದಿ ಉತ್ತರಿಸಿದ್ದಾರೆ, ಅಂದರೆ 30 ಶೇಕಡಾ. 30 ಮಂದಿ ‘ಸರಿಯಾದ ಮಟ್ಟ’, 18 ಮಂದಿ ‘ತೀರ ಸುಲಭ’, 6 ಮಂದಿ ‘ತೀರ ಕಷ್ಟ’ ಎಂದಿದ್ದಾರೆ. ಮೊದಲ ಪ್ರಶ್ನೆಗೆ 2 ಕೊಟ್ಟವರೆಲ್ಲ ‘ತೀರ ಸುಲಭ’ ಎಂದವರೇ ಆಗಿದ್ದರೆ ಕೆಡುಕಿರುವುದು ಉಪನ್ಯಾಸದಲ್ಲಲ್ಲ, ಸಾರಾಂಶಕ್ಕೆ ‘ಉನ್ನತ ಮಟ್ಟ’ ಎಂಬ ಚೀಟಿ ಅಂಟಿಸಿದ ಆಯ್ಕೆ ಸಮಿತಿಯಲ್ಲಿ. ಭಾಷಣಕಾರರಿಗೆ ಹೋಗಬೇಕಾದ ಸಲಹೆ ‘ಸಾರಾಂಶದಲ್ಲಿ ಪೂರ್ವಜ್ಞಾನವನ್ನು ಸ್ಪಷ್ಟಪಡಿಸಿ’ ಎಂಬುದೇ ಹೊರತು ‘ಉಪನ್ಯಾಸ ಕಷ್ಟಗೊಳಿಸಿ’ ಎಂಬುದಲ್ಲ.

ಉಪನ್ಯಾಸಗಳನ್ನು ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಊಟದ ನಂತರದ ಗೋಷ್ಠಿ, ಪಕ್ಕದ ಸಭಾಂಗಣದಲ್ಲಿ ಹೆಸರಾಂತ ಭಾಷಣಕಾರರಿದ್ದ ವೇಳೆ, ಎಂಟೇ ಮಂದಿಯ ಕಾರ್ಯಾಗಾರ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಹತ್ತಕ್ಕಿಂತ ಕಡಿಮೆ ಉತ್ತರಗಳಿದ್ದರೆ ಅಂಕಿಗಳನ್ನು ಬದಿಗಿಟ್ಟು ಬರಹವನ್ನು ಮಾತ್ರ ಓದಿ.

ಹಂತ 11: ಭಾಷಣಕಾರರಿಗೆ ತಲುಪಿಸುವುದು

ಒಂದು ವಾರದೊಳಗೆ ಕಳುಹಿಸಿ, ಆದರೆ ಅದೇ ರಾತ್ರಿ ಬೇಡ. ವೇದಿಕೆಯಿಂದ ಇಳಿದ ದಿನ ಹತ್ತು ಹೊಗಳಿಕೆಗಳ ನಡುವಿನ ಒಂದು ಟೀಕೆಯೇ ಮನಸ್ಸಿನಲ್ಲಿ ಕೂರುತ್ತದೆ. ಪತ್ರದ ಆರಂಭದಲ್ಲಿ ಎಷ್ಟು ಮಂದಿ ಕುಳಿತಿದ್ದರು, ಎಷ್ಟು ಮಂದಿ ಉತ್ತರಿಸಿದರು ಎಂಬ ಎರಡು ಅಂಕಿಗಳಿರಲಿ. ಅನಂತರ ಎರಡು ಕಂಬಚಿತ್ರಗಳು, ಆಮೇಲೆ ಅವರೇ ಕೇಳಿದ್ದ ಪ್ರಶ್ನೆಗೆ ಬಂದ ಉತ್ತರಗಳು, ಕೊನೆಯಲ್ಲಿ ಬರೆದ ಅಭಿಪ್ರಾಯಗಳು ರಾಶಿವಾರು, ಸಭಿಕರ ಮಾತಿನಲ್ಲಿಯೇ. ಒಂದೇ ಮಾತನ್ನು ಒಂಬತ್ತು ಮಂದಿ ಹೇಳಿದ್ದರೆ ಒಮ್ಮೆ ಬರೆದು ಪಕ್ಕದಲ್ಲಿ 9 ಎಂದು ನಮೂದಿಸಿ: ‘ಹಿಂದಿನ ಸಾಲಿಗೆ ಟರ್ಮಿನಲ್‌ನ ಅಕ್ಷರ ಕಾಣಿಸಲಿಲ್ಲ (9)’. ಇದನ್ನು ಓದಿದ ಭಾಷಣಕಾರರಿಗೆ ಮುಂದೆ ಏನು ಮಾಡಬೇಕೆಂದು ಯಾರೂ ವಿವರಿಸಬೇಕಾಗಿಲ್ಲ. ಇತರ ಭಾಷಣಕಾರರ ಅಂಕಿಗಳನ್ನೂ ಇಡೀ ಸಮ್ಮೇಳನದ ಸರಾಸರಿಯನ್ನೂ ಸೇರಿಸಬೇಡಿ.

ಕಚ್ಚಾ ಸ್ಪ್ರೆಡ್‌ಶೀಟಿನ ಕೊಂಡಿಯನ್ನು ಕಳುಹಿಸುವುದು ಸುಲಭ, ಆದರೆ ತಪ್ಪು. ಉತ್ತರ ಬಂದ ಸೆಕೆಂಡು, ಶೋಧಿಸದ ಮಾತುಗಳು, ಕೆಲವೊಮ್ಮೆ ಪಕ್ಕದ ಹಾಳೆಯಲ್ಲಿ ಬೇರೆಯವರ ಉತ್ತರಗಳೂ ಅದರ ಜೊತೆ ಹೋಗಿಬಿಡುತ್ತವೆ. ಮೊದಲ ಬಾರಿ ವೇದಿಕೆ ಹತ್ತಿದವರಿಗೆ ಪತ್ರಕ್ಕೆ ಮುನ್ನ ಫೋನ್ ಮಾಡಿ ಹತ್ತು ನಿಮಿಷ ಮಾತನಾಡಿ, ಪ್ರತಿಕೂಲ ಅಭಿಪ್ರಾಯ ಹೆಚ್ಚಿದ್ದಾಗಲಂತೂ ಇದನ್ನು ತಪ್ಪಿಸಬೇಡಿ.

ಹಂತ 12: ಫಾರ್ಮನ್ನು ಮುಚ್ಚುವುದು

ಸಮ್ಮೇಳನ ಮುಗಿದ 48 ಗಂಟೆಗಳ ನಂತರ ಫಾರ್ಮ್ ಮುಚ್ಚಿ, ಪುಟದಲ್ಲಿ ‘ಅಭಿಪ್ರಾಯ ಸಂಗ್ರಹ ಮುಗಿದಿದೆ’ ಎಂಬ ಸಾಲನ್ನು ಬಿಡಿ. ಕೋಡ್ ಇರುವ ಸ್ಲೈಡ್‌ಗಳು ವೀಡಿಯೊಗಳಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಮನೆಯಲ್ಲಿ ವೀಡಿಯೊ ನೋಡಿದವರ ಉತ್ತರ ಸಭೆಯ ಉತ್ತರದೊಂದಿಗೆ ಬೆರೆಯಬಾರದು. ಅದೇ ಕಾರಣಕ್ಕೆ ಡೊಮೇನ್ ಅವಧಿ ಮುಗಿಯಲು ಬಿಡಬೇಡಿ. ಬೇರೆ ಯಾರಾದರೂ ಅದನ್ನು ಕೊಂಡರೆ ನಿಮ್ಮ ಭಾಷಣಕಾರರ ಕೊನೆಯ ಸ್ಲೈಡ್ ಅವರ ಜಾಹೀರಾತು ಫಲಕವಾಗುತ್ತದೆ. ಆಯ್ಕೆ ಸಮಿತಿಗಾಗಿ ಪ್ರತಿ ಉಪನ್ಯಾಸದ ಸಾರಾಂಶದ ಪಕ್ಕದಲ್ಲಿ ಕಂಬಚಿತ್ರಗಳನ್ನೂ ಎರಡು ಸಾಲಿನ ಟಿಪ್ಪಣಿಯನ್ನೂ ಉಳಿಸಿ, ಭಾಷಣಕಾರರೆಲ್ಲರಿಗೂ ವರದಿ ತಲುಪಿದ ಮೇಲೆ ಕಚ್ಚಾ ಉತ್ತರಗಳನ್ನು ಬ್ಯಾಕಪ್ ಸಮೇತ ಅಳಿಸಿಹಾಕಿ.